ಕೊನೆಯ ಮಡಿಗೂ ನೀರು ಹಾಯಿಸಿದವರು

ದಾನಿಯ ದೇಹದಿಂದ ಹೊರಬಂದ ಯಕೃತ್ತು ಇನ್ನೊಂದು ದೇಹವನ್ನು ಸೇರುವವರೆಗೆ ಅದನ್ನು ತಣ್ಣಗಿಟ್ಟರೆ ಸಾಲದು, ಅದರ ಮೂಲೆಮೂಲೆಗೂ ದ್ರಾವಣ ಹರಿಯುತ್ತಿದೆಯೇ ಎಂದು ಕಣ್ಣಾರೆ ಕಾಣಬೇಕು ಎಂಬ ಮಾತು ಇಂದು ನಮಗೆ ಸಹಜವೆನಿಸುತ್ತದೆ. ಹಾಗೆ ಕಾಣುವ ವಿದ್ಯೆಯನ್ನು ಎಂ.ಆರ್.ಐ. ಯಂತ್ರದಿಂದ ನಮ್ಮ ಆಸ್ಪತ್ರೆಯಲ್ಲಿ ಸಾಧಿಸಿ ತೋರಿದ ನಮ್ಮ ಮೇಡಂ ಈಗ ನಿವೃತ್ತರಾಗುತ್ತಿದ್ದಾರೆ. ಅವರ ಶಿಷ್ಯನಾಗಿ ನಾಲ್ಕು ಮಾತು ಬರೆಯುವ ಹಿಗ್ಗು ನನ್ನದು.

ಅವರಿಗೆ ನಾವಿಟ್ಟ ಹೆಸರು ನೀರುಗಂಟಿ. ಕಾಲುವೆಯ ನೀರನ್ನು ಗದ್ದೆಗಳಿಗೆ ಹಂಚುವ ಕಾಯಕ ಅವರ ತಂದೆಯವರದಾಗಿತ್ತು. “ಮೊದಲ್ನೇ ಗದ್ದೆ ತುಂಬಿದ್ದು ನೋಡಿ ಮನೆಗೆ ಬರೋನು ನೀರುಗಂಟಿ ಅಲ್ಲ, ಕೊನೇ ಮಡಿ ಒದ್ದೆ ಆಗ್ಬೇಕು ಅಂತಿದ್ರು ನಮ್ಮಪ್ಪ,” ಎಂದು ಮೇಡಂ ಪ್ರತಿ ಹೊಸ ವಿದ್ಯಾರ್ಥಿಗೂ ಹೇಳುತ್ತಿದ್ದರು.

ಅವರು ಸೇವೆಗೆ ಸೇರಿದಾಗ ದ್ರಾವಣ ಹಾಯಿಸುವ ಪಂಪು ಉಕ್ಕಿನದು. ಅದನ್ನು ಆ ದೈತ್ಯ ಅಯಸ್ಕಾಂತದ ಹತ್ತಿರ ತರುವಂತಿರಲಿಲ್ಲ. ಮೇಡಂ ಗೋಡೆಗೆ ತೂತು ಕೊರೆಸಿ, ಪಂಪನ್ನು ಹೊರಗಿಟ್ಟು, ಉದ್ದನೆಯ ಕೊಳವೆಗಳನ್ನು ಒಳಗೆ ಎಳೆಸಿ, ಯಕೃತ್ತನ್ನು ಮಲಗಿಸುವ ಪೆಟ್ಟಿಗೆಗೆ ಜೋಡಿಸಿದರು. ತಾವೂ ಜಡೆಗೆ ಪಿನ್ನು ಸಿಕ್ಕಿಸುವುದನ್ನು ಬಿಟ್ಟು ಹತ್ತಿಯ ದಾರ ಕಟ್ಟಿಕೊಂಡರು. ಪ್ರಯೋಗವೆಲ್ಲ ಕುರಿಯ ಯಕೃತ್ತಿನ ಮೇಲೆ. “ದಿನಾ ಲಿವರ್ರೇ ಬೇಕಾ ಮೇಡಂ? ಮನೇಲಿ ಬೇರೇನೂ ತಿನ್ನೋದಿಲ್ವಾ?” ಎಂದು ಕಸಾಯಿಯವನು ಕೇಳಿದ್ದ. “ನಾವು ತಿನ್ನೋದಿಲ್ಲಪ್ಪ, ಬರೀ ನೋಡ್ತೀವಿ,” ಎಂದ ಮೇಲೆ ಅವನು ನಮ್ಮನ್ನು ನೋಡುವ ನೋಟವೇ ಬದಲಾಯಿತು.

ನನ್ನ ತಾಯಿಯ ತಲೆಯ ಸ್ಕ್ಯಾನ್ ನಡೆದ ದಿನವನ್ನು ಮರೆಯಲಾರೆ. ಯಂತ್ರದ ಸದ್ದಿಗೆ ನಡುಗಿದ ಅವರ ಪಾದ ಹಿಡಿದು ಮೇಡಂ ಒಳಗೇ ಕುಳಿತರು. “ಪಕ್ಕದ ಮನೇಲಿ ಭತ್ತ ಕುಟ್ತಿದಾರೆ ಅಂದ್ಕೊಳ್ಳಿ ಅಮ್ಮ,” ಎಂದರು.

ಮೊದಲ ಮಾನವ ಯಕೃತ್ತು ನಮ್ಮ ಪೆಟ್ಟಿಗೆಗೆ ಬಂದಾಗ, ಮೇಲಿನ ಮಹಡಿಯಲ್ಲಿ ದರ್ಜಿ ಹೆಂಗಸೊಬ್ಬರು ಅದಕ್ಕಾಗಿ ಕಾಯುತ್ತಿದ್ದರು. ಇನ್ನೊಂದು ಸಿಗುವವರೆಗೆ ಆಕೆ ಬದುಕುವ ಭರವಸೆ ಇರಲಿಲ್ಲ. ದ್ರಾವಣಕ್ಕೆ ಗುರುತಿನ ಔಷಧ ಬೆರೆಸಿ ಚಿತ್ರ ತೆಗೆದೆವು. ಯಕೃತ್ತೆಲ್ಲ ಬೆಳ್ಳಗೆ ಬೆಳಗಿತು. ಎಡದಂಚು ಮಾತ್ರ ಕಪ್ಪಗೇ ಉಳಿಯಿತು.

“ಬೇಡ ಬಿಡಿ ಮೇಡಂ, ಆ ಭಾಗ ಸತ್ತಿದೆ,” ಎಂದರು ಶಸ್ತ್ರವೈದ್ಯರು.

“ಗದ್ದೆ ಬಂಜರು ಅನ್ನೋಕೆ ಮುಂಚೆ ಕಾಲುವೆ ನೋಡೋಣ ಸಾರ್.”

ಮೇಡಂ ಪೆಟ್ಟಿಗೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. “ಕುರಿ ಅಳತೆಗೆ ಪೆಟ್ಟಿಗೆ ಮಾಡಿಸಿ ಮನುಷ್ಯನ್ನ ಮಲಗ್ಸಿದೀವಲ್ರೋ!” ಇಕ್ಕಟ್ಟಿನಲ್ಲಿ ಎಡದಂಚು ಮಡಚಿ, ರಕ್ತನಾಳ ಅದುಮಿಹೋಗಿತ್ತು. ವರ್ಷಗಟ್ಟಲೆ ಕುರಿಯ ಯಕೃತ್ತನ್ನೇ ನೋಡಿ ಪಳಗಿದ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ವೈದ್ಯರೇ ಅದನ್ನು ಎರಡೂ ಕೈಯಲ್ಲಿ ಎತ್ತಿ, ಅಗಲವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಮಡಿಕೆ ಬಿಡಿಸಿ ಮಲಗಿಸಿದರು. ಮತ್ತೆ ಔಷಧ ಹಾಯಿಸಿದೆವು. ಪರದೆಯ ಮೇಲಿನ ಕಪ್ಪು, ಒಣಮಣ್ಣಿಗೆ ನೀರು ಹತ್ತುವಂತೆ, ಒಂದು ಕಡೆಯಿಂದ ಮೆಲ್ಲಗೆ ಬೆಳಗುತ್ತ ಬಂದು ತುದಿಯವರೆಗೂ ಹಬ್ಬಿತು. ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ. ಉಳಿದ ಪರೀಕ್ಷೆಗಳೂ ಸರಿಬಂದವು. “ಪೇಷೆಂಟನ್ನ ಕೆಳಗೆ ಕರ್ಕೊಂಡು ಬನ್ನಿ,” ಎಂದರು ವೈದ್ಯರು.

ಮೊನ್ನೆ ಯಂತ್ರದ ಕೋಣೆಯ ಹೊರಗೇ ನಡೆದ ಬೀಳ್ಕೊಡುಗೆಯ ಸಭೆಗೆ ಆ ದರ್ಜಿಯೂ ಬಂದಿದ್ದರು. ಮೈಕೈ ತುಂಬಿಕೊಂಡು ಗೆಲುವಾಗಿದ್ದರು. ಕೈಯಲ್ಲೊಂದು ಪುಟ್ಟ ಡಬ್ಬಿ, ಅದರ ತುಂಬ ಜಡೆಯ ಪಿನ್ನುಗಳು. “ಅಕ್ಕ, ಇನ್ಮೇಲಾದ್ರೂ ಆ ದಾರ ಬಿಚ್ಚಿ ಪಿನ್ನು ಹಾಕ್ಕೊಳ್ಳಿ. ಆ ಕೋಣೆಗೆ ಇನ್ನು ನೀವು ಹೋಗೋದಿಲ್ವಲ್ಲ.”

“ಯಾರಮ್ಮ ಹೇಳಿದ್ದು? ಸೋಮವಾರ ಈ ಹುಡುಗರು ಮೂತ್ರಪಿಂಡ ತರ್ತಿದಾರೆ, ಪೆಟ್ಟಿಗೆ ಅಳತೆ ನಾನೇ ನೋಡ್ಬೇಕು,” ಎಂದ ಮೇಡಂ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, ನಾವು ಆ ಕೋಣೆಗೆ ಹೋಗುವಾಗಲೆಲ್ಲ ಬೀಗದ ಕೈ, ಗಡಿಯಾರ ತೆಗೆದಿಡುವ ತಟ್ಟೆಯಲ್ಲಿಟ್ಟರು.

ಮೇಡಂ ಅವರಿಗೆ ತುಂಬು ಆಯುಸ್ಸು, ಗಟ್ಟಿ ಆರೋಗ್ಯ ಒದಗಲಿ. ಆ ಪಿನ್ನುಗಳು ಬಹುಕಾಲ ಆ ತಟ್ಟೆಯಲ್ಲೇ ಇರಲಿ.