ತಣ್ಣೀರಿನ ಮಹಾಪುರುಷ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಯುದ್ಧ ನಡೆದಿತ್ತು. ಸದಾಶಿವ ಪೇಠೆಯಲ್ಲಿ ಹತ್ತಾರು ಸಂಸಾರಗಳಿದ್ದ ವಾಡೆಯೊಂದರಲ್ಲಿ ಮೂರು ಖೋಲಿಯ ಮನೆ; ಅತ್ತೆ, ಮಾವ, ನಾವಿಬ್ಬರು. ಮಾವನವರು ಕ್ಯಾಂಪಿನ ಮಿಲಿಟರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಅಲ್ಲಿಯ ಗೋಡೆಯ ಮೇಲೆ ಚಿರೂಟು ಕಚ್ಚಿದ ಇಂಗ್ಲೆಂಡಿನ ಪ್ರಧಾನಿಯ ಚಿತ್ರವಿತ್ತಂತೆ. ಅದರ ಕೆಳಗೆ ಕೂತು ಕೂತು ಮಾವನವರಿಗೆ ಆತ ನಮ್ಮ ಮನೆತನದ ಹಿರಿಯನೇ ಆಗಿಬಿಟ್ಟಿದ್ದ.

ಆತ ನಸುಕಿನ ನಾಲ್ಕಕ್ಕೆ ಏಳುತ್ತಾನೆ, ತಣ್ಣೀರು ಸುರಿದುಕೊಳ್ಳುತ್ತಾನೆ, ಹಗಲುನಿದ್ದೆ ಅರಿಯ ಎಂದೆಲ್ಲ ಅವರಿಗೆ ಯಾರು ಹೇಳಿದರೋ. ಯಾವನೋ ಸಾಹೇಬನ ಬಟ್ಲರ್ ಕಚೇರಿಯ ಜವಾನನಿಗೆ ಹೇಳಿರಬೇಕೆಂದು ನಮ್ಮವರ ಊಹೆ. ಫಲ ಉಂಡವರು ಮಾತ್ರ ನಾವು. ಇದ್ದಿಲು ಸಿಗುವುದೇ ಕಷ್ಟವಾಗಿದ್ದ ಕಾಲ. ನೀರು ಕಾಯಿಸುವ ತಾಮ್ರದ ಬಂಬು ಅಟ್ಟ ಸೇರಿತು. ಡಿಸೆಂಬರಿನ ಚಳಿಯಲ್ಲಿ ನಮ್ಮವರು ಬಚ್ಚಲಿನಲ್ಲಿ ಹಲ್ಲು ಕಟಕಟಿಸುತ್ತ ದೇವರ ನಾಮ ಕೂಗುವುದು ವಾಡೆಗೆಲ್ಲ ಕೇಳುತ್ತಿತ್ತು. ನೆರೆಯವರು ನಮ್ಮ ಭಕ್ತಿಯನ್ನು ಮರಾಠಿಯಲ್ಲಿ ಕೊಂಡಾಡಿದರು. ರಜೆಯ ದಿನ ಮಧ್ಯಾಹ್ನ ಅತ್ತೆಯೂ ನಾನೂ ತುಸು ಅಡ್ಡಾಗಿದ್ದು ಮಾವನವರ ಕಣ್ಣಿಗೆ ಬಿದ್ದರೆ, ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಆತ ಕಣ್ಣು ಮುಚ್ಚದೆ ದುಡಿದ ಕಥೆ ಮೊದಲಾಗುತ್ತಿತ್ತು.

ಮರುವರ್ಷ ದೀಪಾವಳಿಗೆ ಎರಡು ದಿನವಿರುವಾಗ, ಸಾಹೇಬನೊಬ್ಬ ಓದಿ ಬಿಟ್ಟ ವಿಲಾಯತಿ ಪತ್ರಿಕೆಯೊಂದನ್ನು ಮಾವನವರು ಮನೆಗೆ ತಂದರು. ಅದರಲ್ಲಿ ಮಹಾಪುರುಷನ ದಿನಚರಿ ಅಚ್ಚಾಗಿತ್ತು. ಮಾವನವರ ಕನ್ನಡಕ ರಿಪೇರಿಗೆ ಹೋಗಿತ್ತು. ಮ್ಯಾಟ್ರಿಕ್ ಪಾಸಾದ ಸೊಸೆ ಓದಿ ಎಲ್ಲರಿಗೂ ಕನ್ನಡದಲ್ಲಿ ಹೇಳಬೇಕೆಂದು ಅಪ್ಪಣೆಯಾಯಿತು.

ಓದತೊಡಗಿದೆ. ಆತ ಬೆಳಿಗ್ಗೆ ಬಹಳ ಹೊತ್ತು ಹಾಸಿಗೆ ಬಿಡುವುದಿಲ್ಲ. ತಿಂಡಿ, ಕಾಗದಪತ್ರ ಎಲ್ಲ ಅಲ್ಲೇ. ಮಧ್ಯಾಹ್ನ ಬಟ್ಟೆ ಕಳಚಿ ಸೊಗಸಾಗಿ ನಿದ್ದೆ. ದಿನಕ್ಕೆರಡು ಸಲ ಬಿಸಿನೀರಿನ ಸ್ನಾನ. ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು. ಒಳಗಿದ್ದ ನಮ್ಮವರು ಹೊರಬಂದು, ಇನ್ನೊಮ್ಮೆ ಸಾವಕಾಶವಾಗಿ ಓದಲು ಹೇಳಿದರು.

"ಬಿಸಿ ಅಂತನ ಬರದದೇನು? ಛಲೋ ನೋಡು," ಎಂದರು ಮಾವನವರು.

"ಹೌದ್ರಿ. ಬಿಸಿ ಅಂತನ ಅದ."

"ಎರಡು ಸಲ?"

"ಎರಡು ಸಲರಿ."

ಅಕ್ಕಿ ಆರಿಸುತ್ತಿದ್ದ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಅವರ ನಗೆ ನಿಂತಿತು. "ಅಂವ ಎಷ್ಟು ಸಲ ಮೈ ತೊಳಕೊಂಡ್ರ ನಮಗೇನು? ಬಂಗಾಲದಾಗ ಮಂದಿ ಅನ್ನ ಇಲ್ದ ಸಾಯಲಿಕ್ಕತ್ತಾರಂತಲ್ಲ, ಅವರ ಸಲುವಾಗಿ ಏನು ಮಾಡ್ಯಾನಂತ? ಅದನ್ನ ಓದವಾ."

ಹುಡುಕಿದೆ. ಕುದುರೆ ಜೂಜಿನ ಸುದ್ದಿಯಿತ್ತು, ಸಾಬೂನಿನ ಜಾಹೀರಾತಿತ್ತು. ಬಂಗಾಲದ ಒಂದು ಸಾಲೂ ಇರಲಿಲ್ಲ. ಮಾವನವರು ಪತ್ರಿಕೆ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು, ಪುಟ ಪುಟ ತಾವೇ ತಿರುವಿದರು. ಕನ್ನಡಕವಿಲ್ಲದೆ ಏನು ಕಂಡಿತೋ. ಮಡಚಿ ಕೆಳಗಿಟ್ಟರು.

ಮರುದಿನ ಬಂಬು ಅಟ್ಟದಿಂದ ಇಳಿಯಿತು. ಹಬ್ಬ ಮುಗಿದ ಮೇಲೆ ಮಾವನವರು ಚೀಲ ಹಿಡಿದು, ಬಂಗಾಲಕ್ಕೆ ಕಳಿಸಲು ಹಿಡಿ ಹಿಡಿ ಧಾನ್ಯ ಕೇಳುತ್ತ ವಾಡೆಯ ಮನೆಮನೆಗೂ ಹೋದರು. ನೆರೆಯವರಲ್ಲಿ ಒಂದು ಲೋಟ ಹಾಲನ್ನೂ ಎಂದೂ ಕೇಳದಿದ್ದವರು. ಅವರ ಧಾರವಾಡದ ಮರಾಠಿಗೆ ಹೆಂಗಸರು ನಕ್ಕರೂ, ಚೀಲ ತುಂಬಿಸಿ ಕಳಿಸಿದರು.

ಆಮೇಲೆ ಯಾರಾದರೂ ಆ ಪ್ರಧಾನಿಯನ್ನು ಹೊಗಳಿದರೆ ಮಾವನವರು ಅಲ್ಲಗಳೆಯುತ್ತಿರಲಿಲ್ಲ. "ಗಟ್ಟಿ ಮನಷ್ಯಾ ಹೌದು," ಎನ್ನುತ್ತಿದ್ದರು. "ಆದರ ಗಟ್ಟಿತನಾ ಎಲ್ಲಾ ತನ್ನ ಮಂದಿ ಸಲುವಾಗಿ."