ದೊಡ್ಡಮ್ಮ ಮತ್ತು ರೇಡಿಯೋ ಅಂಗಡಿಯ ಹಸಿರು ಮೀನು

“ಹಾಗಾದ್ರೆ ಮೇಡಂ, ನೀವು ಹೇಳೋದು ಏನು ಅಂದ್ರೆ, ನನ್ನದನ್ನ ನಾನೇ ಕದ್ದಿದೀನಿ ಅಂತಾನಾ?”

“ಕದ್ದಿದೀರಿ ಅಂತ ಎಲ್ಲಿ ಹೇಳ್ದೆ? ಮೊದಲೇ ಊರಿಗೆಲ್ಲ ತೋರಿಸಿಬಿಟ್ಟಿದೀರಿ ಅಂದೆ.”

“ನಾನು ಮಾಡಿದ್ದು, ನಾನು ತೋರಿಸಿದೆ. ಅದರಲ್ಲಿ ಯಾರಪ್ಪನ ಗಂಟು ಹೋಯ್ತು?”

“ಅಪ್ಪಾ!” ಎಂದು ಮಗಳು ಮೇಜಿನ ಕೆಳಗೆ ಅವರ ಕಾಲು ತುಳಿದಳು.

“ತುಳೀಬೇಡ ಕಣೇ, ಹೊಸ ಚಪ್ಪಲಿ.”

ಪೇಟೆಂಟ್ ಕಚೇರಿಯ ಮೇಲಿನ ಮಹಡಿಯಲ್ಲಿ, ವಿಚಾರಣೆಗೆಂದೇ ಇಟ್ಟಿದ್ದ ಸಣ್ಣ ಕೋಣೆ ಅದು. ಬೆಳಗಿನ ಬಿಸಿಲು ಕಿಟಕಿಯ ಪಟ್ಟಿಗಳ ನಡುವೆ ತೂರಿ ಮೇಜಿನ ಮೇಲೆ ಗೀರುಗೀರಾಗಿ ಬಿದ್ದಿತ್ತು. ಒಂದು ಕಡೆ, ರೇಡಿಯೋ ರಿಪೇರಿ ಮಾಡುತ್ತಲೇ ತಲೆ ನರೆತುಹೋದ ಅರ್ಜಿದಾರರು ಮತ್ತು ಅವರ ಮಗಳು. ಇನ್ನೊಂದು ಕಡೆ ದೊಡ್ಡಮ್ಮ. ಬಾಗಿಲಿನ ಹಲಗೆಯ ಮೇಲೆ ‘ಪರೀಕ್ಷಕಿ’ ಎಂದು ಇದ್ದದ್ದು ನಿಜ, ಆದರೆ ತಂಗಿಯರ ಮಕ್ಕಳೆಲ್ಲ ಕರೆಯುತ್ತಿದ್ದ ಹೆಸರು ಟೆಲಿಫೋನ್ ತಂತಿ ಹಿಡಿದು ಅದು ಹೇಗೋ ಕಚೇರಿಗೂ ನುಸುಳಿ, ಕೊನೆಗೆ ಅವರ ಮೇಲಧಿಕಾರಿಯೇ “ದೊಡ್ಡಮ್ಮ, ಟೀ ಆಯ್ತಾ?” ಎನ್ನುವ ಮಟ್ಟಕ್ಕೆ ಮುಟ್ಟಿತ್ತು!

ದೊಡ್ಡಮ್ಮನ ಕೆಲಸ ಕೇಳುವುದಕ್ಕೆ ತುಂಬಾ ಸುಲಭ. ಯಾರೋ ಒಬ್ಬರು ‘ನಾನೊಂದು ಹೊಸದನ್ನು ಕಂಡುಹಿಡಿದಿದ್ದೇನೆ, ಅದು ನನ್ನದು ಅಂತ ಬರೆದುಕೊಡಿ’ ಎಂದು ಅರ್ಜಿ ಹಾಕುತ್ತಾರೆ. ಅದು ನಿಜವಾಗಿ ಹೊಸದೋ, ಇಲ್ಲ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಪುಣ್ಯಾತ್ಮ ಆಗಲೇ ಮಾಡಿ ಮುಗಿಸಿದ್ದಾನೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕು. ದೊಡ್ಡಮ್ಮನ ಪಾಲಿಗೆ ಬಂದಿದ್ದು ಬೆಳಕು ಸೂಸುವ ಹಲಗೆಗಳು, ಅಂದರೆ ಅಕ್ಷರ, ಅಂಕಿ, ಚಿತ್ರಗಳನ್ನು ಹೊಳೆಯಿಸಿ ತೋರಿಸುವ ಉಪಕರಣಗಳು. ವರ್ಷಗಟ್ಟಲೆ ಅದೇ ಮಾಡಿ ಮಾಡಿ ಅಭ್ಯಾಸ ಮೈಗೆ ಅಂಟಿಕೊಂಡುಬಿಟ್ಟಿತ್ತು ನೋಡಿ, ಮನೆಯಲ್ಲಿ ಯಾರು ಏನು ತಂದು ತೋರಿಸಿದರೂ ಮೊದಲ ಪ್ರಶ್ನೆ “ಇದರಲ್ಲಿ ಹೊಸತೇನಿದೆ?” ತಂಗಿಯ ಮಗಳು ತಾನು ಮೆಚ್ಚಿದ ಹುಡುಗನನ್ನು ಮನೆಗೆ ಕರೆತಂದಾಗಲೂ ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಹೋಗಿ, “ಒಳ್ಳೆ ಹುಡುಗಾನೇ ಕಣೇ, ಆದ್ರೆ ಇವನಲ್ಲಿ ಹೊಸತೇನಿದೆ?” ಎಂದಿದ್ದರು. ಹುಡುಗ ಹೊರಗಿನಿಂದಲೇ ಕೇಳಿಸಿಕೊಂಡು “ಶರ್ಟು ಹೊಸದು ದೊಡ್ಡಮ್ಮ!” ಎಂದು ಕೂಗಿದ. ಅವತ್ತೇ ಪಾಸಾದ.

ಇಂಥ ದೊಡ್ಡಮ್ಮನ ಮೇಜಿಗೆ ಈ ರೇಡಿಯೋದವರ ಅರ್ಜಿ ಬಂದದ್ದು, ನಿವೃತ್ತಿಗೆ ಇನ್ನೇನು ಕೆಲವೇ ತಿಂಗಳಿರುವಾಗ. ಅವರಿಗೊಂದು ಪದ್ಧತಿಯಿತ್ತು. ಅರ್ಜಿಯಲ್ಲಿ ‘ಇದು ನನ್ನದು’ ಎಂದು ಹಕ್ಕು ಕೇಳುವ ಸಾಲುಗಳಿರುತ್ತವಲ್ಲ, ಕ್ಲೇಮು ಎನ್ನುತ್ತಾರೆ, ಅದನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು. ಕಣ್ಣು ಹಾರಿಸಿದ್ದನ್ನು ಕಿವಿ ಹಿಡಿಯುತ್ತದೆ ಎಂದು ಅವರ ನಂಬಿಕೆ. ಅವತ್ತೂ ಓದಿದರು: “ಬೆಳಕು ಸೂಸುವ ಪೊರೆಯನ್ನು ಗಾಜಿನ ಮೇಲೆ ಹರಡಿ, ಚದುರಂಗದ ಹಾಗೆ ಮನೆಮನೆಯಾಗಿ ವಿಂಗಡಿಸಿ, ಒಂದೊಂದು ಮನೆಯನ್ನೂ ಬೇರೆಬೇರೆಯಾಗಿ ಬೆಳಗಿಸಿ, ಚಲಿಸುವ ಚಿತ್ರ ಮೂಡಿಸುವ ಹಲಗೆ.”

ಓದುತ್ತ ಓದುತ್ತ ದನಿ ನಿಂತುಹೋಯಿತು. ಏಕೆಂದರೆ ಈ ಹಲಗೆಯನ್ನು ಅವರು ನೋಡಿದ್ದರು!

ಅಯ್ಯೋ, ಎಂಥ ದಿನಗಳು ಅವು. ದೊಡ್ಡಮ್ಮ ಆಗ ಕಾಲೇಜು ಹುಡುಗಿ, ಎರಡು ಜಡೆ, ಎದೆಗೆ ಅವುಚಿಕೊಂಡ ಪುಸ್ತಕ. ಬಸ್ ನಿಲ್ದಾಣದ ಎದುರಿಗೆ ಒಂದು ರೇಡಿಯೋ ಅಂಗಡಿ. ಸಂಜೆ ಕತ್ತಲಾಗುತ್ತಲೇ ಅದರ ಗಾಜಿನ ಕಿಟಕಿಯೊಳಗೆ ಒಂದು ಮೀನು ಹೊತ್ತಿಕೊಳ್ಳುತ್ತಿತ್ತು. ಬಲ್ಬು ಕಾಣುವುದಿಲ್ಲ, ತಂತಿಯಿಲ್ಲ, ಬರೀ ಒಂದು ಚಪ್ಪಟೆ ಗಾಜು, ಅದರೊಳಗಿಂದ ಎಳೆ ಹುಲ್ಲಿನ ಬಣ್ಣದ ತಣ್ಣನೆಯ ಬೆಳಕು. ಮೀನು ಬಾಲವನ್ನು ಅತ್ತ ಹೊರಳಿಸುತ್ತಿತ್ತು, ಇತ್ತ ಹೊರಳಿಸುತ್ತಿತ್ತು. ನಿಲ್ದಾಣದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬಸ್ಸು ಬರುತ್ತಿತ್ತು, ಹೋಗುತ್ತಿತ್ತು, ಹತ್ತುವುದೇ ಮರೆತುಹೋಗುತ್ತಿತ್ತು. ಹಾಗೆ ಮರೆಯುವವನು ಇನ್ನೊಬ್ಬನೂ ಇದ್ದ, ಸಪೂರ, ಕೈಯಲ್ಲಿ ಮಡಿಸಿದ ಕೊಡೆ. ಒಂದು ಸಂಜೆ ಅವನು ತಾನಾಗಿಯೇ “ಮೀನಿಗೂ ಬಸ್ ತಪ್ಪಿಹೋಯ್ತು ಅನ್ಸುತ್ತೆ” ಎಂದ. ದೊಡ್ಡಮ್ಮ ನಕ್ಕುಬಿಟ್ಟರು. ಅಷ್ಟೇ, ಮುಂದಿನದನ್ನು ಹೇಳುವುದೇ ಬೇಡ, ಅವನೇ ನಮ್ಮ ದೊಡ್ಡಪ್ಪ.

ಮದುವೆಯಾದ ವಾರ ಇಬ್ಬರೂ ಪಕ್ಕದ ಸ್ಟುಡಿಯೋದವರನ್ನು ಕಾಡಿ ಬೇಡಿ ಆ ಕಿಟಕಿಯ ಮುಂದೆಯೇ ಫೋಟೋ ತೆಗೆಸಿಕೊಂಡಿದ್ದರು. ಕತ್ತಲಲ್ಲಿ ತೆಗೆಯಬೇಕಲ್ಲ, ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದೇ ಇತ್ತು, ಉಸಿರು ಬಿಗಿ ಹಿಡಿದು ಗೊಂಬೆಗಳ ಹಾಗೆ ನಿಂತಿದ್ದರು ಇಬ್ಬರೂ. ಆದರೆ ಮೀನು ಯಾರ ಮಾತು ಕೇಳುತ್ತದೆ? ಫೋಟೋದಲ್ಲಿ ಅದಕ್ಕೆ ಎರಡು ಬಾಲ! ಹಿಂದುಗಡೆ ಸ್ಟುಡಿಯೋದ ಮೊಹರು, ತಾರೀಖು. ಆ ಫೋಟೋ ಅಂದಿನಿಂದ ಹಜಾರದ ಗೋಡೆ ಬಿಟ್ಟು ಕದಲಿರಲಿಲ್ಲ.

ಈಗ ನೋಡಿ ಪೇಚು. ಅರ್ಜಿ ಹಾಕುವ ಮೊದಲೇ ಬೀದಿಗೆ ತೋರಿಸಿದ ವಸ್ತು ಹೊಸದಲ್ಲ, ತೋರಿಸಿದವರು ಅದನ್ನು ಮಾಡಿದವರೇ ಆಗಿದ್ದರೂ ಅಷ್ಟೇ. ದೊಡ್ಡಮ್ಮ ಮೇಲಧಿಕಾರಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ಕನ್ನಡಕ ಹಣೆಗೇರಿಸಿ, “ನಿಮ್ಮ ನೆನಪು ಸಾಕ್ಷಿ ಆಗಲ್ಲ ದೊಡ್ಡಮ್ಮ. ಕಾಗದ ಬೇಕು, ಫೋಟೋ ಬೇಕು. ಏನೂ ಇಲ್ಲ ಅಂದ್ರೆ ಸುಮ್ಮನೆ ಮುಂದೆ ಹೋಗಿ” ಎಂದರು. ಸುಮ್ಮನೆ ಮುಂದೆ ಹೋಗಬಹುದಿತ್ತು. ಯಾರು ಕೇಳುತ್ತಿದ್ದರು? ಆದರೆ ಇಡೀ ಜೀವನ ಬೇರೆಯವರ ಹಳೆಯದನ್ನು ಹುಡುಕಿ ಹುಡುಕಿ ತೆಗೆದು, ತಮ್ಮ ಮನೆಯ ಗೋಡೆಯ ಮೇಲಿರುವುದಕ್ಕೆ ಕಣ್ಣು ಮುಚ್ಚುವುದು ಹೇಗೆ?

ಆ ಸಂಜೆ ಅವರು ಸ್ಟೂಲು ಹತ್ತಿದ್ದನ್ನು ನೋಡಿ ದೊಡ್ಡಪ್ಪ ಪೇಪರು ಕೆಳಗಿಟ್ಟರು.

“ಧೂಳು ಹೊಡೀತಿದೀಯಾ?”

“ಇಲ್ಲ. ಆಫೀಸಿಗೆ ತಗೊಂಡು ಹೋಗ್ಬೇಕು. ಸಾಕ್ಷಿಗೆ.”

“ನಮ್ಮ ಮದುವೆ ಆಗಿದೆ ಅಂತ ಈಗ ಯಾರಿಗೆ ಅನುಮಾನ ಬಂತು?”

ದೊಡ್ಡಮ್ಮ ವಿಷಯ ಹೇಳಿದರು. ದೊಡ್ಡಪ್ಪ ಎದ್ದು ಗೋಡೆಯ ಹತ್ತಿರ ಬಂದರು.

“ಅಂದ್ರೆ ಆ ಮೀನು ಮಾಡಿದ ಮನುಷ್ಯನ ಕುತ್ತಿಗೆಗೆ ನಮ್ಮ ಫೋಟೋ ಕಟ್ತೀಯಾ? ಅವರಿಲ್ದೆ ಇದ್ದಿದ್ರೆ ನೀನು ಮೊದಲನೇ ಬಸ್ಸಿಗೇ ಹತ್ತಿ ಹೋಗ್ತಿದ್ದೆ.”

“ಗೊತ್ತು.”

“ಗೊತ್ತಿದ್ದೂ?”

“ಗೊತ್ತಿದ್ದೂ. ಹಿಡ್ಕೊಳ್ರೀ ಸ್ಟೂಲು, ಅಲ್ಲಾಡ್ತಿದೆ.”

ದೊಡ್ಡಪ್ಪ ಸ್ಟೂಲು ಹಿಡಿದುಕೊಂಡರು, ಆದರೆ ಊಟ ಮುಗಿಯುವ ತನಕ ಮುಖ ಊದಿಸಿಕೊಂಡೇ ಇದ್ದರು.

ಫೋಟೋ ಕಡತಕ್ಕೆ ಸೇರಿ ‘ದಾಖಲೆ ಒಂದು’ ಆಯಿತು, ಅರ್ಜಿದಾರರಿಗೆ ಆಕ್ಷೇಪಣೆ ಹೋಯಿತು, ಅದಕ್ಕೆ ಉತ್ತರ ಹೇಳಲೆಂದೇ ಅಪ್ಪ ಮಗಳು ಇವತ್ತು ಹೀಗೆ ಎದುರಿಗೆ ಕೂತಿದ್ದರು. ಅವರಿಗೂ ಇದು ಕೊನೆಯ ಮೆಟ್ಟಿಲು. ದೊಡ್ಡ ಕಾರ್ಖಾನೆಯೊಂದು ಇಂಥದೇ ಹಲಗೆ ಮಾಡಲು ಹೊರಟಿದೆಯಂತೆ. ಇಲ್ಲಿ ಹಕ್ಕು ಸಿಗದಿದ್ದರೆ, ಜೀವಮಾನವೆಲ್ಲ ಅದಕ್ಕೇ ತೇಯ್ದ ಮನುಷ್ಯನ ಹೆಸರು ಎಲ್ಲಿಯೂ ಇರುವುದಿಲ್ಲ. ಮಗಳು ಅದನ್ನು ಬಾಯಿ ಬಿಟ್ಟು ಹೇಳಿಯೂ ಇದ್ದಳು.

“ಅದು ನಿಮ್ಮದೇ ಅಂಗಡಿ ಅಂತ ಒಪ್ಕೋತೀರಾ?” ಎಂದು ದೊಡ್ಡಮ್ಮ ಫೋಟೋವನ್ನು ಮೇಜಿನ ಮೇಲೆ ಅವರತ್ತ ಸರಿಸಿದರು.

ಮಗಳು “ಅಪ್ಪಾ, ಏನೂ ಹೇಳ್ಬೇಡಿ” ಎಂದು ಪಿಸುಗುಟ್ಟಿದಳು. ಯಾರು ಕೇಳುತ್ತಾರೆ? ಅವರು ಆಗಲೇ ಫೋಟೋ ಎತ್ತಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡಿದ್ದರು.

“ನನ್ನ ಮೀನು! ಅಯ್ಯೋ ನೋಡೇ, ನನ್ನ ಮೀನು! ಅಂಗಡಿ ಖಾಲಿ ಮಾಡುವಾಗ ಒಡೆದುಹೋಯ್ತು ಮೇಡಂ, ಒಂದು ಫೋಟೋನೂ ಇರ್ಲಿಲ್ಲ ನನ್ನ ಹತ್ರ. ಇದು ಯಾರು, ಈ ಗಂಡ ಹೆಂಡತಿ? ಒಳ್ಳೆ ಲಕ್ಷಣವಾಗಿದಾರೆ, ಯಾಕೆ ಹೀಗೆ ಹೆದರಿಕೊಂಡಿದಾರೆ?”

“ಉಸಿರು ಹಿಡ್ಕೊಂಡಿದಾರೆ” ಎಂದರು ದೊಡ್ಡಮ್ಮ. ರೇಡಿಯೋದವರು ಫೋಟೋ ನೋಡಿದರು, ದೊಡ್ಡಮ್ಮನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

“ನೀವಾ?”

“ಹೂಂ.”

“ದಿನಾ ಬರ್ತಿದ್ರಿ! ಇಬ್ರೂ! ನಾನು ಒಳಗಿನಿಂದ ನೋಡ್ತಿದ್ದೆ. ನಿಮಗೋಸ್ಕರ ಅಂತಾನೇ ಎಷ್ಟೋ ದಿನ ಅಂಗಡಿ ಬೇಗ ಮುಚ್ತಿರ್ಲಿಲ್ಲ!” ಅವರ ಮುಖವೆಲ್ಲ ಅರಳಿತು. ಮಗಳು ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತಳು. ಕೂರದೆ ಏನು, ಬೀದಿಗೆ ತೋರಿಸಿದ್ದೆ, ದಿನವೂ ತೋರಿಸಿದ್ದೆ, ನೋಡುವವರು ಇರುವ ತನಕ ತೋರಿಸಿದ್ದೆ ಎಂದು ಅಪ್ಪ ತನ್ನ ಬಾಯಿಂದಲೇ ಎಲ್ಲವನ್ನೂ ಒಪ್ಪಿಸಿಬಿಟ್ಟಿದ್ದರಲ್ಲ!

ಆದರೆ ಖುಷಿಯ ನಡುವೆಯೇ ಅವರು ಹುಬ್ಬು ಗಂಟಿಕ್ಕಿ ಫೋಟೋದ ಮೇಲೆ ಬೆರಳಿಟ್ಟರು. “ಛೆ, ಆಗ ಎಷ್ಟು ಕೆಟ್ಟದಾಗಿ ಮಾಡಿದ್ದೆ. ಇಲ್ಲಿ ನೋಡಿ, ಬಾಲದ ಅಂಚಿನಲ್ಲಿ ಮಸುಕು ಮಸುಕು. ಒಂದು ಮನೆಯ ಬೆಳಕು ಪಕ್ಕದ ಮನೆಗೆ ಸೋರ್ತಿತ್ತು. ಈಗಿನದರಲ್ಲಿ ಅದಿಲ್ಲ ಬಿಡಿ.”

ದೊಡ್ಡಮ್ಮನ ಕಿವಿ ನೆಟ್ಟಗಾಯಿತು. “ಯಾಕಿಲ್ಲ?”

“ಮನೆಮನೆ ಮಧ್ಯ ಕಪ್ಪು ಗೋಡೆ ಹಾಕಿದೀನಲ್ಲ.”

“ಗೋಡೆ ಬೇರೆಯವರೂ ಹಾಕಿದಾರೆ. ಕಪಾಟಿನ ತುಂಬ ಇವೆ ನನ್ನ ಹತ್ರ. ಅವರದ್ದರಲ್ಲೆಲ್ಲ ಗೋಡೆ ಹಾಕಿದ ಕಡೆ ಮೇಲಿನ ಪೊರೆ ಹರಿದು ಬೆಳಕೇ ಆರಿಹೋಗುತ್ತೆ.”

“ನೇರ ನಿಲ್ಲಿಸಿದ್ರೆ ಹರಿಯದೆ ಇನ್ನೇನಾಗುತ್ತೆ? ಚಾದರಾನ ಮೇಜಿನ ಚೂಪು ಮೂಲೆ ಮೇಲೆ ಎಳೆದ ಹಾಗೆ. ನಾನು ಗೋಡೆನ ಓರೆ ಮಾಡಿದೀನಿ ಮೇಡಂ, ಗುಡ್ಡದ ಇಳಿಜಾರಿನ ಹಾಗೆ. ಪೊರೆ ಮೆತ್ತಗೆ ಹತ್ತಿ ಮೆತ್ತಗೆ ಇಳಿಯುತ್ತೆ. ಅದೇನು ಮಹಾ, ಅದನ್ನೆಲ್ಲ ಬರೆಯೋದಾ?”

ಹೇಗಿದೆ ನೋಡಿ! ಬೀದಿಯವರೆಲ್ಲ ಕಂಡ ಮೀನನ್ನು ನನ್ನದು ಎಂದು ಕ್ಲೇಮಿನಲ್ಲಿ ಬರೆದು, ಯಾರೂ ಕಾಣದ ಓರೆ ಗೋಡೆಯನ್ನು ‘ಅದೇನು ಮಹಾ’ ಎಂದು ಬಿಟ್ಟಿದ್ದರು. ದೊಡ್ಡಮ್ಮ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಅರ್ಜಿ ಹಾಕಿದ ದಿನ ಕಾಗದದಲ್ಲಿ ಇಲ್ಲದ್ದನ್ನು ಈಗ ಹೊಸದಾಗಿ ಸೇರಿಸುವ ಹಾಗಿಲ್ಲ, ಅದು ಬಿಗಿ ನಿಯಮ. ಬರವಣಿಗೆಯಲ್ಲಿ ಓರೆಯ ಸುದ್ದಿಯೇ ಇರಲಿಲ್ಲ, ಅದು ಅವರಿಗೆ ಬಾಯಿಪಾಠ. ಇನ್ನು ಉಳಿದದ್ದು ಅರ್ಜಿಯ ಜೊತೆ ಲಗತ್ತಿಸಿದ್ದ ಚಿತ್ರ.

“ಚಿತ್ರ ಬರೆದವರು ಯಾರು?”

“ನಾನು” ಎಂದಳು ಮಗಳು, ಚಿಕ್ಕ ದನಿಯಲ್ಲಿ. “ತಪ್ಪಾಗಿದೆ ಮೇಡಂ. ಅಪ್ಪ ಪಕ್ಕದಲ್ಲೇ ನಿಂತು ಹೀಗೆ ಎಳಿ, ಹೀಗೆ ಎಳಿ ಅಂತ ಗೋಡೆಗಳನ್ನೆಲ್ಲ ಸೊಟ್ಟಗೆ ಎಳೆಸಿಬಿಟ್ರು. ನೋಡೋಕೆ ಚೆನ್ನಾಗಿರ್ಲಿಲ್ಲ. ಅದಕ್ಕೆ ನೇರ ಮಾಡಿ, ಇಂಕಿನಲ್ಲಿ ನೀಟಾಗಿ ಬರೆದು ತಂದಿದೀನಿ. ಹಳೇದು ತೆಗೆದು ಇದನ್ನ ಇಟ್ಕೊಳ್ಳಿ.” ಅವಳು ಕೊಳವೆಯಿಂದ ಹೊಚ್ಚ ಹೊಸ ಹಾಳೆಯನ್ನು ಹೊರಗೆ ಎಳೆಯುತ್ತಿದ್ದಳು. ಅಳತೆಪಟ್ಟಿ ಇಟ್ಟು ಎಳೆದ ಗೋಡೆಗಳು, ಸಿಪಾಯಿಗಳ ಹಾಗೆ ನೆಟ್ಟಗೆ.

“ಒಳಗಿಡಿ ಅದನ್ನ!” ದೊಡ್ಡಮ್ಮ ಕೂಗಿದ ಕೂಗಿಗೆ ಪಕ್ಕದ ಕೋಣೆಯಲ್ಲಿ ಟೈಪ್ ಯಂತ್ರದ ಸದ್ದು ನಿಂತುಹೋಯಿತು.

ಹುಡುಗಿ ಬೆಚ್ಚಿಬಿದ್ದು ಹಾಳೆಯನ್ನು ಕೊಳವೆಗೆ ತುರುಕಿದಳು. ದೊಡ್ಡಮ್ಮ ಕಡತ ಬಿಡಿಸಿ ಹಳೆಯ ಚಿತ್ರ ಹರಡಿದರು. ಸೊಟ್ಟಗೆ ನಿಂತ ಗೋಡೆಗಳು ಸಾಲುಸಾಲಾಗಿ, ಎಲ್ಲವೂ ಒಂದೇ ಕಡೆಗಲ್ಲ, ಎರಡೂ ಬದಿಗೆ ಸಮನಾಗಿ ಇಳಿದವು. ಓದುವಾಗ ಅದನ್ನು ಅವಸರದ ಕೈ ಎಂದುಕೊಂಡು ದಾಟಿಹೋಗಿದ್ದು ನೆನಪಾಗಿ ಅವರಿಗೆ ತಮ್ಮ ಮೇಲೆಯೇ ನಗು ಬಂತು.

“ಇದು ಸೊಟ್ಟ ಅಲ್ಲಮ್ಮ, ಇದೇ ನಿಮ್ಮಪ್ಪನ ಅರ್ಜಿ. ಮೊದಲನೇ ಕ್ಲೇಮು ಬಿಟ್ಟುಬಿಡಿ, ಅದು ಹೋಯ್ತು, ಅದಕ್ಕೆ ನಾನೇ ಅಡ್ಡ ನಿಂತಿದೀನಿ. ಓರೆ ಗೋಡೆ ಕೇಳಿ. ಈ ಚಿತ್ರದಲ್ಲಿ ಇರೋದಷ್ಟನ್ನೇ ಕೇಳಿ, ಒಂದು ಕೂದಲೆಳೆನೂ ಹೆಚ್ಚು ಬೇಡ.”

“ಅಂದ್ರೆ ಮೀನು ನನ್ನದಲ್ಲ?” ಎಂದರು ಅವರು.

“ಮೀನು ಬೀದಿಯವರದ್ದು. ಗೋಡೆ ನಿಮ್ಮದಾಗಬಹುದು.”

ಅವರು ಫೋಟೋವನ್ನು ಮೆಲ್ಲಗೆ ದೊಡ್ಡಮ್ಮನತ್ತ ಸರಿಸಿದರು. ಆಮೇಲೆ ತಲೆಯಾಡಿಸಿದರು. “ಆಗ್ಲಿ ಬಿಡಿ. ಬೀದಿಯವರು ಚೆನ್ನಾಗೇ ನೋಡ್ಕೊಂಡಿದಾರೆ.”

“ಆಗಬಹುದು ಅಂದೆ, ಆಯ್ತು ಅನ್ಲಿಲ್ಲ” ಎಂದು ದೊಡ್ಡಮ್ಮ ತಕ್ಷಣ ಹಳೆಯ ದನಿಗೆ ಮರಳಿದರು. “ಪೊರೆ ಹರಿಯಲ್ಲ ಅಂತ ಬಾಯಲ್ಲಿ ಹೇಳಿದ್ರೆ ಸಾಲದು. ಬೆಳಗಿಸಿ ತೋರಿಸ್ಬೇಕು. ನಾನೂ ನೋಡ್ತೀನಿ, ನನ್ನ ಸಾಹೇಬರೂ ನೋಡ್ಬೇಕು.”

“ಮುಂದಿನ ವಾರ ಹಲಗೆನೇ ಹೊತ್ಕೊಂಡು ಬರ್ತೀವಿ” ಎಂದಳು ಮಗಳು, ಆಗಲೇ ಎದ್ದು ನಿಂತು. “ಬ್ಯಾಟರಿನೂ ತರ್ಬೇಕು, ಭಾರ ಇದೆ. ನಿಮ್ಮ ಲಿಫ್ಟು ಕೆಲಸ ಮಾಡುತ್ತಾ?”

“ಮಾಡಲ್ಲ. ನಾನು ಕೆಲಸಕ್ಕೆ ಸೇರಿದಾಗಿನಿಂದ ಮಾಡಿಲ್ಲ.”

“ಪರ್ವಾಗಿಲ್ಲ, ನಾನು ಹೊರ್ತೀನಿ. ಬುಧವಾರ ಆಗುತ್ತಾ?”

ದೊಡ್ಡಮ್ಮ ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿದರು. “ಬುಧವಾರ ಮೀಟಿಂಗು. ಗುರುವಾರ ಬನ್ನಿ, ಊಟ ಆದ ಮೇಲೆ. ಪರದೆ ಎಳೆದು ಕೋಣೆ ಕತ್ತಲು ಮಾಡಿಸಿಟ್ಟಿರ್ತೀನಿ.”