ಇಸುಬಾಕ ಓದಿದ ಪೇಪರು

ಸೋರುವ ಪಂಪಿನ ಎದುರು ಕೂತಾಗ ಇಸುಬಾಕ ಮೊದಲು ಸ್ಪ್ಯಾನರಿಗೆ ಕೈ ಹಾಕುತ್ತಿರಲಿಲ್ಲ. ತೊಟ್ಟಿಕ್ಕುವ ನೀರಿನ ಕೆಳಗೆ ಕಿರುಬೆರಳು ಹಿಡಿದು, ಅದನ್ನು ನಾಲಗೆಯ ತುದಿಗೆ ತಾಗಿಸಿ, ಕಣ್ಣು ಮುಚ್ಚುತ್ತಿದ್ದರು. ಪಾಯಸಕ್ಕೆ ಬೆಲ್ಲ ಸಾಕೋ ಎಂದು ನೋಡುವ ಅಡುಗೆಯವರ ಹಾಗೆ. ಆಮೇಲೆ ಪಕ್ಕಕ್ಕೆ ಉಗಿದು ತೀರ್ಪು ಕೊಡುತ್ತಿದ್ದರು. "ಗ್ರೀಸ್ ಉಂಟು, ಬೇರಿಂಗಿನ ಕತೆ ಮುಗಿಯಿತು." ಇಲ್ಲವಾದರೆ, "ಬರೀ ನೀರು. ಸೀಲು ಮಾತ್ರ. ಹೆದರ್ಬೇಡಿ." ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು.

ಅವರ ಹೆಸರು ಯೂಸುಫ್. ಊರಿನ ಬಾಯಲ್ಲಿ ಇಸುಬ, ಕಿರಿಯರಿಗೆಲ್ಲ ಇಸುಬಾಕ. ಪಾಣೆಮಂಗಳೂರಿನ ಹಳೆ ಸೇತುವೆಯ ಹತ್ತಿರ ಒಂದೇ ಶಟರಿನ ಅಂಗಡಿ. ಬೋರ್ಡು ಇರಲಿಲ್ಲ, ಬಾಗಿಲಲ್ಲಿ ರಾಶಿ ಬಿದ್ದ ಹಳೆ ಪಂಪುಗಳೇ ಬೋರ್ಡು. ಕಿವಿಯ ಸಂದಿನಲ್ಲಿ ಯಾವಾಗಲೂ ಅತ್ತರಿನ ಹತ್ತಿ, ಬನಿಯನಿನ ತುಂಬ ಡೀಸೆಲ್. ಹಾಗಾಗಿ ಅವರು ಹತ್ತಿರ ಬಂದರೆ ಮದುವೆ ಮನೆಗೆ ಲಾರಿ ನುಗ್ಗಿದ ಹಾಗೆ ವಾಸನೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಅವರ ಕೈ ತಾಗದ ಪಂಪು ಇರುವ ತೋಟ ಹುಡುಕಿದರೂ ಸಿಗಲಿಕ್ಕಿಲ್ಲ.

ರಿಪೇರಿ ಮುಗಿದ ಮೇಲೆ ಇನ್ನೊಂದು ಕ್ರಮವಿತ್ತು. ಹಳೆಯ ಪೇಪರಿನ ಒಂದು ಹಾಳೆ ಮಡಚಿ ಪಂಪಿನ ಅಡಿಗೆ ಇಟ್ಟು, ಪಂಪು ಓಡಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. "ಅರ್ಧ ಗಂಟೆ ಪೇಪರ್ ಓದುವ" ಎನ್ನುತ್ತಿದ್ದರು. ಅವರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಓದುತ್ತಿದ್ದದ್ದು ಹನಿಯನ್ನು. ಹಾಳೆಯ ಮೇಲೆ ಸಾಸಿವೆಯಷ್ಟು ಒದ್ದೆ ಕಂಡರೂ ಸಾಕು, ಯಜಮಾನರು "ಇರಲಿ ಇಸುಬ, ನಡೀತದೆ" ಎಂದರೂ ಕೇಳುತ್ತಿರಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ.

ನನಗೆ ಅವರ ಪರಿಚಯ ಅಪ್ಪನಿಂದ. ನನ್ನ ಅಪ್ಪ ಬಾವಿ ತೋಡುವವರು. ನೀರು ಸಿಗುವವರೆಗೆ ಅಪ್ಪನ ಕೆಲಸ, ಸಿಕ್ಕಿದ ನೀರನ್ನು ಮೇಲೆ ತರುವುದು ಇಸುಬಾಕನ ಕೆಲಸ. ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೆಯ ತರಗತಿ ದಾಟಿದವರಿಲ್ಲ. ನಾನು ಮೆಕ್ಯಾನಿಕಲ್ ಓದಿದೆ. ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ ಒಂದು ಬಸ್ಸು, ಅಲ್ಲಿಂದ ಕಾಲೇಜಿರುವ ಮಿಜಾರಿಗೆ ಇನ್ನೊಂದು. ನಾಲ್ಕು ವರ್ಷ, ಹೆಚ್ಚಿನ ದಿನ ನಿಂತುಕೊಂಡೇ. ಗಣಿತದ ಒಂದು ಪೇಪರಿಗೆ ಮೂರು ಸಲ ಕೂತೆ, ಮೂರನೆಯ ಸಲ ಪಾಸಾದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಪದವಿಯ ಸರ್ಟಿಫಿಕೇಟ್ ಕೈಗೆ ಬಂದ ದಿನ ಅಪ್ಪ ನನ್ನನ್ನು ಸೀದಾ ಇಸುಬಾಕನ ಅಂಗಡಿಗೆ ಕರೆದುಕೊಂಡು ಹೋದರು. ಇಸುಬಾಕ ಸೀಮೆಎಣ್ಣೆಯಲ್ಲಿ ಕೈ ತೊಳೆದರು, ಬಟ್ಟೆಯಲ್ಲಿ ಒರೆಸಿದರು, ಲುಂಗಿಯಲ್ಲಿ ಇನ್ನೊಮ್ಮೆ ಒರೆಸಿದರು, ಕೊನೆಗೆ ಕೈ ಹಿಂದೆ ತೆಗೆದುಕೊಂಡರು.

"ನೀನೇ ಹಿಡಿ, ಹರಿಣಾಕ್ಷಿ. ನಾನು ಮುಟ್ಟಿದ್ರೆ ಗ್ಯಾರೇಜಿನ ಬಿಲ್ಲಿನ ಹಾಗೆ ಆಗ್ತದೆ. ಎಂಥ ಬರ್ದಿದ್ದಾರೆ ಇದ್ರಲ್ಲಿ?"

"ನಾನು ಇಂಜಿನಿಯರ್ ಅಂತ."

"ಒಳ್ಳೆದು. ಅವರು ನಿನ್ನ ಕೈಯಲ್ಲಿ ಒಂದು ಪಂಪು ಬಿಚ್ಚಿಸಿ ನೋಡಿದ್ದಾರಾ?"

"ಚಿತ್ರ ಬಿಡಿಸಿದ್ದೇವೆ."

"ಹಾಗಾದ್ರೆ ಇದು ಅರ್ಧ ಸರ್ಟಿಫಿಕೇಟ್. ಬಾಕಿ ಅರ್ಧ ನಾನು ಕೊಡ್ತೇನೆ. ಟೈಮ್ ಬರ್ಲಿ."

ಅಪ್ಪ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ಬಸ್ಸಿನ ಕಂಬಿ ಹಿಡಿದು ನೇತಾಡಿದವಳಿಗೆ ಅರ್ಧವೇ?

ಟೈಮ್ ಮರುವರ್ಷ ಮೇ ತಿಂಗಳಲ್ಲಿ ಬಂತು. ಕನ್ಯಾನದ ಕಡೆಯ ಶೆಟ್ರೊಬ್ಬರು ಗಲ್ಫಿನ ಬಂದರಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದ್ದರು. ಉಳಿದವರು ಮನೆ ಕಟ್ಟಿಸಿದರೆ ಇವರು ಹಳೆಯದೊಂದು ಹಾಯಿದೋಣಿ ತೆಗೆದುಕೊಂಡರು. ಅದನ್ನು ನೋಡಿಕೊಳ್ಳಲು ಅವರಿಗೆ ಇಂಜಿನಿಯರ್ ಬೇಕಿತ್ತು, ನನಗೆ ಕೆಲಸ ಬೇಕಿತ್ತು. ದೋಣಿ ಅಳಿವೆಯ ಬಾಯಲ್ಲಿ, ತೆರೆಗೆ ಮುಖಮಾಡಿ ನಿಂತಿತ್ತು. ಮಳೆಗಾಲ ಶುರುವಾಗುವ ಮೊದಲು ಅದನ್ನು ಫಲ್ಗುಣಿ ಹೊಳೆಯ ಒಳಗೆ, ಗಾಳಿ ತಾಗದ ಕಡೆಗೆ ತಂದು ಕಟ್ಟಬೇಕು. ಇಲ್ಲವಾದರೆ ಮೊದಲ ಬಿರುಗಾಳಿಗೇ ಕಲ್ಲಿನ ಗೋಡೆಗೆ ಬಡಿದು ಚೂರು. ನಡುವಿನ ಸೇತುವೆಯ ಅಡಿ ದಾಟಲು ಹಾಯಿ ಕಟ್ಟುವ ಕೂವೆಮರವನ್ನೇ ಮಲಗಿಸಬೇಕಾದ್ದರಿಂದ ಹಾಯಿ ನಂಬುವಂತಿಲ್ಲ. ಎಂಜಿನ್ ಓಡಲೇಬೇಕು.

ಎಂಜಿನ್ ಓಡುತ್ತಿತ್ತು, ನೀರಿನ ಪಂಪು ಸೋರುತ್ತಿತ್ತು. ಹೊರಗಿನ ಉಪ್ಪುನೀರನ್ನು ಎಳೆದು ಎಂಜಿನನ್ನು ತಣ್ಣಗಿಡುವ, ಮುಷ್ಟಿಯಷ್ಟು ದೊಡ್ಡ ಪಂಪು. ಅದರ ಹೊಟ್ಟೆಯಡಿಯಲ್ಲಿ ಒಂದು ಸಣ್ಣ ತೂತು, ಅಲ್ಲಿಂದ ಹನಿ. ಹೊಸ ಪಂಪು ವಿದೇಶದಿಂದ ಬರಲು ಒಂದೂವರೆ ತಿಂಗಳು ಎಂದರು ಅಂಗಡಿಯವರು. ಅಷ್ಟರಲ್ಲಿ ಮಳೆ ಬಂದಾಗಿರುತ್ತದೆ. ಮಾರನೆಯ ದಿನ ಶೆಟ್ರು ದೋಣಿ ನೋಡಲು ಬರುವವರಿದ್ದರು. ನಾನು ಏನು ಮಾಡಿದೆ? ನಮ್ಮ ಕಡೆ ಕೊಡಪಾನ ಸೋರಿದರೂ ಸಿಂಟೆಕ್ಸ್ ಸೋರಿದರೂ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಎರಡು ಬಣ್ಣದ ಅಂಟನ್ನು ಕಲಸಿ, ಉಂಡೆ ಮಾಡಿ, ಆ ತೂತಿಗೆ ಮೆತ್ತಿದೆ. ಹನಿ ನಿಂತಿತು. ಶೆಟ್ರು ಬಂದು ನೋಡಿ ಬೆನ್ನು ತಟ್ಟಿದರು.

ಎರಡು ಗಂಟೆ ಓಡಿಸಿದ ಮೇಲೆ ಶೆಟ್ರೇ ಎಣ್ಣೆಯ ಕಡ್ಡಿ ಎಳೆದು ನೋಡಿದರು. ಕಪ್ಪಾಗಿರಬೇಕಾದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಉಪ್ಪುನೀರು ಎಂಜಿನಿನ ಹೊಟ್ಟೆಗೆ ಇಳಿದಿತ್ತು.

"ಹರಿಣಾಕ್ಷಿ, ಇದು ಎಂಜಿನ್ನಾ, ಹೋಟ್ಲಾ?" ಎಂದರು ಶೆಟ್ರು. ಧ್ವನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಇವತ್ತು ಸೋಮವಾರ. ಶುಕ್ರವಾರದವರೆಗೆ ನೋಡ್ತೇನೆ. ಆಗದಿದ್ರೆ ಕೊಚ್ಚಿಯಿಂದ ಜನ ಕರೆಸ್ತೇನೆ. ಮತ್ತೆ ನಿನಗೆ ಇಲ್ಲಿ ಕೆಲಸ ಇಲ್ಲ."

ಪಂಪು ಬಿಚ್ಚಿ ಊಟದ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಪಾಣೆಮಂಗಳೂರಿನಲ್ಲಿ ಇಳಿದಾಗ ಇಸುಬಾಕನ ಅಂಗಡಿಯ ಎದುರು ಮೈಲುತುತ್ತು ಬಿಡುವ ಪಂಪುಗಳ ಸಾಲು. ಮಳೆಗೆ ಮುಂಚೆ ತೋಟಗಳಿಗೆ ಔಷಧಿ ಸಿಂಪಡಿಸುವ ಕಾಲ, ಅವರಿಗೆ ತಲೆ ತುರಿಸಲು ಪುರುಸೊತ್ತಿಲ್ಲ. ಆದರೂ ನನ್ನ ಪಂಪನ್ನು ಕೈಗೆತ್ತಿಕೊಂಡರು. ಒಳಗಿನ ತೇವಕ್ಕೆ ಬೆರಳು, ಬೆರಳಿಗೆ ನಾಲಗೆ.

"ಅಬ್ಬಾ! ಸಮುದ್ರವನ್ನೇ ತಂದಿದ್ದೀ." ಆಮೇಲೆ ಉಗುರಿನಿಂದ ಆ ತೂತನ್ನು ಕೆರೆದರು. ಅಂಟಿನ ಚೂರು ಉದುರಿತು. "ಇದು ಯಾರ ಕೆಲಸ?"

ನಾನು ಸೇತುವೆಯ ಕಡೆ ನೋಡಿದೆ.

"ಮಾರಾಯ್ತಿ, ಈ ತೂತು ಇದರ ಕಣ್ಣು. ಈಚೆ ನೀರಿನ ಸೀಲು, ಆಚೆ ಎಣ್ಣೆಯ ಸೀಲು. ಈಚೆಯದ್ದು ಹೋದ್ರೆ ನೀರು ಆಚೆಗೆ ಹೋಗದೆ ಹೊರಗೆ ಬೀಳ್ಲಿ ಅಂತ ನಡುವೆ ಈ ತೂತು ಇಟ್ಟದ್ದು. ಪಾಪ, ಅದು ಅತ್ತು ಹೇಳ್ತಾ ಉಂಟು. ನೀನು ಕಣ್ಣು ಒರೆಸುದು ಬಿಟ್ಟು ಕಣ್ಣಿಗೇ ಮಣ್ಣು ಮೆತ್ತಿದ್ದೀ. ಅಳುದು ಒಳಗೆ ಹೋಯ್ತು." ಉಗುರಿಗೆ ಹಿಡಿದ ಅಂಟು ಕೊಡವಿ ಕೇಳಿದರು, "ಶೆಟ್ರಿಗೆ ಗೊತ್ತುಂಟಾ?"

"ಇಲ್ಲ."

"ಮೊದಲು ಫೋನ್ ಮಾಡು. ಮತ್ತೆ ಪಂಪು."

ಅಲ್ಲೇ ನಿಂತು ಫೋನ್ ಮಾಡಿದೆ. ಅಂಟು ಹಾಕಿದ್ದು ನಾನೇ ಎಂದು ಹೇಳಿದೆ. ಆ ಕಡೆಯಿಂದ ಶೆಟ್ರು, "ಗೊತ್ತುಂಟು. ಅಂಟಿನ ಡಬ್ಬಿ ದೋಣಿಯಲ್ಲೇ ಬಿಟ್ಟು ಹೋಗಿದ್ದೀ" ಎಂದು ಫೋನ್ ಇಟ್ಟುಬಿಟ್ಟರು. ಇಸುಬಾಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇತರ ಪಂಪುಗಳನ್ನೆಲ್ಲ ಕಾಲಲ್ಲಿ ಪಕ್ಕಕ್ಕೆ ಸರಿಸಿ, "ಕೂತ್ಕೋ" ಎಂದರು.

ಎರಡೂ ಸೀಲು ತೆಗೆದೆವು. ನಾನು ಪೇಟೆಗೆ ಓಡಿ ಎರಡಕ್ಕೂ ಹೊಸದು ತಂದೆ. ಎಣ್ಣೆಯದ್ದು ಸಾಕೆಂದರು, ನೀರಿನ ಸೀಲನ್ನು ಮಾತ್ರ ಅವರು ಮೂಸಿಯೂ ನೋಡಲಿಲ್ಲ. "ಇದರ ಸ್ಪ್ರಿಂಗು ಉಪ್ಪಿಗೆ ತುಕ್ಕು ಹಿಡೀತದೆ." ಒಂದು ಬಿಸ್ಕತ್ತಿನ ಡಬ್ಬಿ ಸುರಿದು ಅದೇ ಅಳತೆಯ ಇನ್ನೊಂದನ್ನು ಹುಡುಕಿದರು. "ಮೈಲುತುತ್ತಿನ ಪಂಪಿನದ್ದು, ಸ್ಟೀಲಿನ ಸ್ಪ್ರಿಂಗು. ಮೈಲುತುತ್ತು ತಿಂದು ಬದುಕಿದ್ದು ಉಪ್ಪಿಗೆ ಸಾಯ್ತದಾ?"

ಆಮೇಲೆ ಶಾಫ್ಟಿನ ಮೇಲೆ ಉಗುರು ಎಳೆದರು. ಒಂದು ಕಡೆ ಉಗುರು ತಡೆಯಿತು. ಹಳೆ ಸೀಲು ತಿರುಗಿ ತಿರುಗಿ ಉಕ್ಕಿನಲ್ಲಿ ಕೂದಲೆಳೆಯಷ್ಟು ಗೆರೆ ಕೊರೆದಿತ್ತು. ಹೊಸ ಸೀಲಿನ ತುಟಿ ಅದೇ ಗೆರೆಯ ಮೇಲೆ ಕೂತರೆ ಮತ್ತೆ ಸೋರುತ್ತದೆ.

"ಸೀಲನ್ನು ಸ್ವಲ್ಪ ಒಳಗೆ ದೂಡುವ. ತುಟಿ ಹೊಸ ಜಾಗದಲ್ಲಿ ಕೂರ್ತದೆ" ಎಂದರು. ಐವತ್ತು ವರ್ಷ ತೋಟದ ಪಂಪುಗಳಲ್ಲಿ ಅವರು ಮಾಡಿದ್ದು ಅದನ್ನೇ.

ನಾನು ವರ್ನಿಯರ್ ತೆಗೆದು ಅಳೆದೆ. ಇನ್ನೊಮ್ಮೆ ಅಳೆದೆ. "ಬೇಡ ಇಸುಬಾಕ. ಒಳಗೆ ದೂಡಿದರೆ ಸೀಲಿನ ಅಂಚು ತೂತಿಗೆ ಅಡ್ಡ ಬರ್ತದೆ. ಕಣ್ಣು ಮತ್ತೆ ಅರ್ಧ ಮುಚ್ಚುತ್ತದೆ. ಹೊರಗಿನ ಕಡೆ ಎರಡು ಮಿಲಿಮೀಟರ್ ಜಾಗ ಉಂಟು. ಒಂದೂವರೆ ಹೊರಗೆ ತರುವ."

ಅವರು ವರ್ನಿಯರನ್ನು ನೋಡಿದರು, ತೂತಿನಲ್ಲಿ ಒಂದು ಕಡ್ಡಿ ತೂರಿಸಿ ನೋಡಿದರು, ನನ್ನನ್ನು ನೋಡಿದರು. "ಹೌದಲ್ಲ!" ಎಂದು ತೊಡೆ ತಟ್ಟಿ, ಎದುರಿನ ಅಂಗಡಿಗೆ ಕೇಳುವ ಹಾಗೆ ಕೂಗಿದರು, "ಓ ಭಟ್ರೇ, ಇಲ್ಲಿ ಬನ್ನಿ! ನಮ್ಮ ಇಂಜಿನಿಯರಮ್ಮ ನನ್ನ ತಪ್ಪು ಹಿಡಿದಳು!" ಸೋತದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ನೋಡಿಲ್ಲ.

ಗುರುವಾರ ಅವರೇ ನನ್ನ ಜೊತೆ ಹೊರಟರು. ಆದರೆ ದೋಣಿಗೆ ಹಾಕಿದ ಹಲಗೆಯ ಎದುರು ಬಂದು ನಿಂತುಬಿಟ್ಟರು.

"ಐವತ್ತು ವರ್ಷ ನೀರನ್ನು ಮೇಲೆ ಎತ್ತಿದ್ದೇನೆ ಮಗಾ. ನೀರಿನ ಮೇಲೆ ನಾನು ಒಂದು ದಿನ ಕೂತವನಲ್ಲ. ಈಜು ಬರುದಿಲ್ಲ."

ಶೆಟ್ರು ಮುಂದಿನಿಂದ, ನಾನು ಹಿಂದಿನಿಂದ ಹಿಡಿದು, ಕೂತುಕೊಂಡೇ ಜಾರುತ್ತಾ ಬರುವ ಮಗುವಿನ ಹಾಗೆ ಅವರನ್ನು ದಾಟಿಸಿದೆವು. ಎಂಜಿನಿನ ಹತ್ತಿರ ಇಳಿದದ್ದೇ ತಡ, ಅವರು ಮತ್ತೆ ಇಸುಬಾಕ ಆದರು. "ಉಪ್ಪುನೀರು ಕುಡಿದ ಎಂಜಿನಿಗೆ ಬಾಯಿ ತೊಳೆಸ್ಬೇಕು" ಎಂದು ಹೊಸ ಎಣ್ಣೆ ಹಾಕಿ, ಓಡಿಸಿ, ಸುರಿದು, ಮತ್ತೆ ಹಾಕಿ, ಮೂರು ಸಲ ಮಾಡಿಸಿದರು. ಮೂರನೆಯ ಸಲ ಕಡ್ಡಿಯ ಮೇಲೆ ಎಣ್ಣೆ ಜೇನಿನ ಹಾಗೆ ನಿಂತಿತು. ಪಂಪನ್ನು ನಾನೇ ಜೋಡಿಸಿದೆ. ಅವರು ಕೈ ಹಾಕಲಿಲ್ಲ.

ಶುಕ್ರವಾರ ಬೆಳಿಗ್ಗೆ, ಪಡುವಣದಲ್ಲಿ ಮೋಡ ಕಟ್ಟಿತ್ತು. ಪಂಪಿನ ಅಡಿಗೆ ಪೇಪರಿನ ಹಾಳೆ ಇಟ್ಟು ಹಗ್ಗ ಬಿಚ್ಚಿದೆವು. ಇಸುಬಾಕ ಇಳಿದು ದಡದಲ್ಲಿ ನಿಲ್ಲುತ್ತಾರೆ ಎಂದುಕೊಂಡಿದ್ದೆ. "ಪೇಪರ್ ಅರ್ಧಕ್ಕೆ ಬಿಟ್ಟು ಎದ್ದವನಾ ನಾನು?" ಎಂದು ಅಲ್ಲೇ ಕೂತರು. ಸೇತುವೆ ಬಂತು, ಮೇಲಿನಿಂದ ಬಸ್ಸಿನವರು ಕೈ ಬೀಸಿದರು, ಮಿಂಚುಳ್ಳಿ ಹಾರಿತು. ಅವರು ತಲೆ ಎತ್ತಲಿಲ್ಲ. ಒಂದು ಕೈಯಲ್ಲಿ ಕಂಬಿ ಗಟ್ಟಿ ಹಿಡಿದು, ಕಣ್ಣು ಹಾಳೆಯ ಮೇಲಿಟ್ಟು, ಇಡೀ ಹೊಳೆಯನ್ನು ನೋಡದೆಯೇ ದಾಟಿದರು. ಒಳಗಿನ ಕಟ್ಟೆಗೆ ದೋಣಿ ತಾಗಿ ಶೆಟ್ರು ಹಗ್ಗ ಬಿಗಿದಾಗ ಮಳೆಯ ಮೊದಲ ದಪ್ಪ ಹನಿಗಳು ಬಿದ್ದವು. ಹೊರಗೆ.

ಇಸುಬಾಕ ಹಾಳೆ ಎಳೆದು, ಅಂಗೈಯಲ್ಲಿ ಸವರಿ, ಕೆನ್ನೆಗೆ ಒತ್ತಿ ನೋಡಿದರು. ಗರಿಗರಿ ಒಣಗಿತ್ತು. ಎಂಜಿನಿನ ಸಂದಿನ ಗ್ರೀಸಿಗೆ ಹೆಬ್ಬೆರಳು ಅದ್ದಿ, ಹಾಳೆಯ ಮೂಲೆಯಲ್ಲಿ ಒತ್ತಿದರು. ಬ್ಯಾಂಕಿನಲ್ಲಿ ಅಪ್ಪ ಒತ್ತುವ ಹಾಗೆ, ಉರುಳಿಸಿ.

"ತಕೋ. ಬಾಕಿ ಅರ್ಧ."

ಶೆಟ್ರು ಜೇಬಿನಿಂದ ದೋಣಿಯ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟು, "ಸೋಮವಾರ ಬೇಗ ಬಾ" ಎಂದರು.

ಎರಡು ವರ್ಷ ಕಳೆದು, ಬಿ.ಸಿ. ರೋಡಿನಲ್ಲಿ ನನ್ನದೇ ವರ್ಕ್‌ಶಾಪ್ ತೆರೆಯುವಾಗ ಇಸುಬಾಕನನ್ನು ಕರೆಯಲು ಹೋದೆ. ಅವರು ಹಾಸಿಗೆ ಹಿಡಿದಿದ್ದರು. ಅತ್ತರಿನ ಹತ್ತಿ ಮಾತ್ರ ಕಿವಿಯಲ್ಲಿತ್ತು, ಡೀಸೆಲ್ ಇರಲಿಲ್ಲ.

"ಬೋರ್ಡಿನಲ್ಲಿ ಎಂಥ ಬರೆಸಿದ್ದೀ?"

"ಹರಿಣಾಕ್ಷಿ, ಬಿ.ಇ. ಅಂತ."

"ಆ ಬಿ.ಇ.ಯನ್ನು ದೊಡ್ಡದು ಮಾಡಿಸು. ನಿನ್ನ ಅಪ್ಪನಿಗೆ ಬಸ್ಸಿನಿಂದ ಕಾಣ್ಬೇಕು."

"ಅಪ್ಪನಿಗೆ ಓದ್ಲಿಕ್ಕೆ ಬರುದಿಲ್ಲಲ್ಲ ಇಸುಬಾಕ."

"ಓದ್ಲಿಕ್ಕೆ ಯಾರು ಹೇಳಿದ್ರು? ನೋಡ್ಲಿಕ್ಕೆ!"

ಅದೇ ಕೊನೆಯ ಮಾತು. ಬೋರ್ಡು ಏರುವ ಮೊದಲೇ ಅವರು ಹೋದರು. ಪೇಂಟರ್ ಬೈದರೂ ಅಕ್ಷರಗಳನ್ನು ಅಳಿಸಿ ಮತ್ತೆ ಬರೆಸಿದೆ, ಒಂದೊಂದು ಮೊಳದುದ್ದ. ಒಳಗೆ ಗೋಡೆಯಲ್ಲಿ ಎರಡು ಚೌಕಟ್ಟುಗಳಿವೆ. ಒಂದರಲ್ಲಿ ಕುಲಪತಿಗಳ ಸಹಿ, ಇನ್ನೊಂದರಲ್ಲಿ ಹಳದಿಯಾದ ಪೇಪರಿನ ಮೂಲೆಗೆ ಕಪ್ಪು ಹೆಬ್ಬೆಟ್ಟು. ಅಪ್ಪ ಈಗಲೂ ಬಸ್ಸಿನಲ್ಲಿ ಹಾದುಹೋಗುವಾಗ ಪಕ್ಕದವರನ್ನು ಮೊಣಕೈಯಲ್ಲಿ ತಿವಿದು ಬೋರ್ಡು ತೋರಿಸುತ್ತಾರಂತೆ. ಕಂಡಕ್ಟರ್ ಹೇಳಿದ.